ಬಾಯಿಬ್ರೇಕು

ಡ್ರೈವಿಂಗ್ ಪರೀಕ್ಷೆಯ ದಿನ ಲಾಂಡ್ರಿಯಮ್ಮನನ್ನು ಪರೀಕ್ಷೆಯ ಮೈದಾನಕ್ಕೆ ವ್ಯಾನಿನಲ್ಲಿ ಕರೆದುಕೊಂಡು ಹೋದವರು ಅವಳ ಯಜಮಾನರು. ಕರೆದುಕೊಂಡು ಹೋದರು ಅನ್ನುವುದು ಕೂಡ ಮರ್ಯಾದೆಯ ಮಾತು. ಸ್ಟೇರಿಂಗು ಅವರ ಕೈಯಲ್ಲಿತ್ತು, ಪೆಡಲುಗಳು ಅವರ ಕಾಲ ಕೆಳಗಿದ್ದವು, ಅಷ್ಟೇ. ಮಿಕ್ಕಿದ್ದೆಲ್ಲ ನಡೆಯುತ್ತಿದ್ದದ್ದು ಪಕ್ಕದ ಸೀಟಿನಲ್ಲಿ ಕೂತಿದ್ದ ಅವಳ ಬಾಯಿಂದ.

"ಎಡಗಡೆ ಸೈಕಲ್ಲು. ನಿಧಾನ. ಹಾಂ, ಹೋಯ್ತು. ಮುಂದೆ ಹಂಪು. ಹಂಪು ಅಂದ್ನಲ್ರೀ! ಸರಿ ಬಿಡಿ, ಆಯ್ತಲ್ಲ. ಬಲಗಡೆ ಗಲ್ಲಿಯಿಂದ ಹಾಲಿನ ಗಾಡಿ ಮೂತಿ ತೂರಿಸ್ತಿದೆ. ಬಿಟ್ಟ, ಬಿಟ್ಟ, ಹೋಗಿ. ಕೆಂಪು ಬಿತ್ತು, ನಿಲ್ಸಿ!"

ಯಜಮಾನರ ಕಾಲು ಬ್ರೇಕಿನ ಮೇಲೆ ಬಿತ್ತು. ಹಿಂದೆ ಇಸ್ತ್ರಿ ಮಾಡಿ ಕಟ್ಟಿಟ್ಟಿದ್ದ ಹೋಟೆಲಿನ ಮೇಜುಬಟ್ಟೆಯ ಗಂಟುಗಳು ಒಮ್ಮೆ ಮುಂದಕ್ಕೆ ವಾಲಿ ಹಿಂದಕ್ಕೆ ಸರಿದವು.

"ನಂಗೂ ಕಾಣಿಸ್ತು" ಅಂದರು ಯಜಮಾನರು.

"ಕಾಣಿಸ್ತು, ಕಾಣಿಸ್ತು" ಅಂದಳು ಅವಳು.

ಕಾಣಿಸಿರಲಿಲ್ಲ. ಕಣ್ಣಿನ ಡಾಕ್ಟರು ಇದನ್ನು ಒಂದು ವರ್ಷದ ಹಿಂದೆಯೇ ಬಿಡಿಸಿ ಹೇಳಿದ್ದರು. ಕಣ್ಣಿನ ಒಳಗಿನ ನರ ಒಣಗುತ್ತಿದೆ, ಅಕ್ಕಪಕ್ಕದ ನೋಟ ಪೂರ್ತಿ ಹೋಗಿದೆ, ನೇರ ಎದುರಿಗೆ ಒಂದು ತಟ್ಟೆಯಷ್ಟು ಜಾಗ ಉಳಿದಿದೆ, ಅದೂ ಮಸುಕು. ಹೋದದ್ದು ವಾಪಸು ಬರುವುದಿಲ್ಲ. ಗಾಡಿ ಓಡಿಸುವುದನ್ನು ಇವತ್ತೇ ಬಿಡಿ. ಯಜಮಾನರು ಎಲ್ಲವನ್ನೂ ತಲೆಯಾಡಿಸಿ ಕೇಳಿಸಿಕೊಂಡರು, ಎದ್ದರು, ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡರು, ಬಾಗಿಲು ಮಾಡಿದ ಬಡಗಿಯನ್ನು ಬೈದರು, ಹೊರಗೆ ಬಂದು ವ್ಯಾನು ಹತ್ತಿ ಸ್ಟಾರ್ಟ್ ಮಾಡಿದರು.

ಗಂಡ ಹೆಂಡತಿ ಸೇರಿ ಇಪ್ಪತ್ತಾರು ವರ್ಷದಿಂದ ನಡೆಸುತ್ತಿದ್ದ ಲಾಂಡ್ರಿಯಲ್ಲಿ ಒಗೆಯುವುದು, ಇಸ್ತ್ರಿ ಮಾಡುವುದು ಅವಳ ಕೆಲಸ. ಹೋಟೆಲು, ಆಸ್ಪತ್ರೆಗಳಿಂದ ಬಟ್ಟೆ ತರುವುದು, ಕೊಡುವುದು ಅವರ ಕೆಲಸ. ವ್ಯಾನಿಗೆ ಒಂದು ಗೀರು ಬಿದ್ದಿಲ್ಲ ಅನ್ನುವುದು ಅವರ ದೊಡ್ಡ ಜಂಬ. "ವ್ಯಾನು ಬಿಟ್ಟು ನಾನೇನು ಮಾಡ್ಲಿ? ದಿಂಬಿನ ಕವರು ಮಡಚ್ತಾ ಕೂತ್ಕೊಳ್ಲಾ?" ಅಂತ ಅವತ್ತು ಕೇಳಿದರು. ಅವಳಿಗೆ ಬೇಡ ಅನ್ನಲು ಮನಸ್ಸಾಗಲಿಲ್ಲ. ಮಾರನೆಯ ದಿನದಿಂದ ಇಸ್ತ್ರಿ ಕೆಲಸವನ್ನು ಬೆಳಗಿನ ಜಾವಕ್ಕೆ ಹಾಕಿಕೊಂಡು ಅವರ ಪಕ್ಕದಲ್ಲಿ ಬಂದು ಕೂತಳು. ಬಾಯಿ ತೆರೆದಳು. ಹೋಟೆಲಿನವರು, "ಏನಮ್ಮಾ, ಈ ವಯಸ್ಸಲ್ಲೂ ಗಂಡನ್ನ ಬಿಟ್ಟಿರಕ್ಕಾಗಲ್ವಾ?" ಅಂತ ಚುಡಾಯಿಸುತ್ತಿದ್ದರು. ಅವಳು ನಾಚಿಕೊಂಡವಳ ಹಾಗೆ ನಕ್ಕು ಗಂಟು ಇಳಿಸುತ್ತಿದ್ದಳು.

ಹೀಗೆ ಒಂದು ವರ್ಷ ನಡೆಯಿತು. ಕೆಟ್ಟದ್ದು ಮೂರು ಸೀನಿನಿಂದ.

ಎರಡು ತಿಂಗಳ ಹಿಂದೆ, ನಟ್ಟ ನಡು ಮಧ್ಯಾಹ್ನ, ಕ್ಷೌರದ ಅಂಗಡಿಯ ತಿರುವಿನಲ್ಲಿ ಅವಳಿಗೆ ಸೀನು ಬಂತು. ಒಂದಾಯಿತು, ಎರಡಾಯಿತು. ಮೂರನೆಯದು ಮುಗಿಸಿ ಕಣ್ಣು ಬಿಟ್ಟರೆ ವ್ಯಾನು ಫುಟ್‌ಪಾತಿನ ಮೇಲಿತ್ತು. ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಸರದಿ ಕಾಯುತ್ತಿದ್ದ ಮುದುಕರೊಬ್ಬರ ಮೊಣಕಾಲಿಗೂ ವ್ಯಾನಿನ ಮೂತಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಮುದುಕರು ಓದುತ್ತಿದ್ದ ಪೇಪರು ಕೆಳಗಿಳಿಸಿ, ವ್ಯಾನು ನೋಡಿ, "ನನ್ನದಾದ್ಮೇಲೆ ನಿಮ್ದು" ಅಂದು ಮತ್ತೆ ಓದತೊಡಗಿದರು. ಯಜಮಾನರು ನಕ್ಕುಬಿಟ್ಟರು. ಅವಳು ನಗಲಿಲ್ಲ.

"ಕೀ ಕೊಡಿ. ನಾನು ಕಲ್ತು ಓಡಿಸ್ತೀನಿ" ಅಂದಳು ಸಂಜೆ.

"ನೀನಾ?"

"ನಾನೇ. ಆ ಅಜ್ಜನಿಗೆ ಏನಾದ್ರೂ ಆಗಿದ್ರೆ? ಆ ಮನೆಯವರಿಗೆ ಯಾವ ಮುಖ ತೋರಿಸ್ತಿದ್ವಿ?"

ಯಜಮಾನರು ಒಂದು ಕರಾರು ಹಾಕಿದರು. ಅವಳು ಲೈಸೆನ್ಸ್ ತೆಗೆದುಕೊಳ್ಳಲಿ. ಮೊದಲನೇ ಸಲಕ್ಕೇ ಪಾಸಾದರೆ ಕೀ ಅವತ್ತೇ ಅವಳದು. ಫೇಲಾದರೆ ಈ ಮಾತನ್ನು ಅವಳು ಜನ್ಮದಲ್ಲಿ ಮತ್ತೆ ಎತ್ತಕೂಡದು. ಕರಾರಿನ ಒಳಗುಟ್ಟು ಅವಳಿಗೆ ಗೊತ್ತಾಗದೆ ಇರಲಿಲ್ಲ. ಆ ಆಫೀಸಿನಲ್ಲಿ ಪರೀಕ್ಷೆ ತೆಗೆದುಕೊಳ್ಳುವ ಇನ್ಸ್‌ಪೆಕ್ಟರಿಗೆ ಊರಲ್ಲೆಲ್ಲ 'ಮುಂದಿನ ತಿಂಗಳು' ಅಂತಲೇ ಹೆಸರು. ಮೊದಲನೇ ಸಲಕ್ಕೆ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಅವರು ಹೇಳುತ್ತಿದ್ದದ್ದು ಆ ಎರಡೇ ಶಬ್ದ. ಆದರೂ ಅವಳು ಆಗಲಿ ಅಂದಳು. ಬೇರೆ ದಾರಿ ಎಲ್ಲಿತ್ತು?

ಡ್ರೈವಿಂಗ್ ಸ್ಕೂಲಿನ ಮೇಷ್ಟರಿಗೆ ಅವಳೆಂದರೆ ಬಲು ಹೆಮ್ಮೆ. "ರಸ್ತೆ ಮೇಲೆ ಹೀಗೆ ಕಣ್ಣಿಡೋರನ್ನ ನಾನು ನೋಡೇ ಇಲ್ಲಮ್ಮ" ಅನ್ನುತ್ತಿದ್ದರು. ನಾಯಿ ಅಡ್ಡ ಬರುತ್ತದೆ ಅಂತ ನಾಯಿಗೆ ಗೊತ್ತಾಗುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ಸ್ಟೇರಿಂಗು, ಗೇರು, ಕ್ಲಚ್ಚು ಎಲ್ಲ ಹದಿನೈದು ದಿನಕ್ಕೆ ಕೈಗೆ ಬಂದವು. ಒಂದು ಸಂಗತಿ ಮಾತ್ರ ಅವರಿಬ್ಬರ ಗಮನಕ್ಕೂ ಬರಲಿಲ್ಲ. ಸ್ಕೂಲಿನ ಕಾರಿನಲ್ಲಿ ಮೇಷ್ಟರ ಕಾಲ ಬಳಿಯೂ ಒಂದು ಬ್ರೇಕು ಇತ್ತು. ಲಾಂಡ್ರಿಯಮ್ಮ "ನಿಲ್ಸಿ!" ಅಂದರೆ ಅದು ಸುಮ್ಮನೆ ಹೇಳಿದ ಹಾಗಿರುತ್ತಿರಲಿಲ್ಲ; ಒಂದು ವರ್ಷ ಪ್ರಾಣವನ್ನು ಬಾಯಲ್ಲಿಟ್ಟುಕೊಂಡು ಪಳಗಿದ ದನಿ ಅದು. ಆ ದನಿ ಬಿದ್ದ ತಕ್ಷಣ ಮೇಷ್ಟರ ಕಾಲು ತನ್ನ ಪಾಡಿಗೆ ತಾನು ಒತ್ತಿಬಿಡುತ್ತಿತ್ತು. ಕಾರು ನಿಲ್ಲುತ್ತಿತ್ತು. ಮೇಷ್ಟರು ಅವಳು ನಿಲ್ಲಿಸಿದಳು ಅಂದುಕೊಳ್ಳುತ್ತಿದ್ದರು, ಅವಳೂ ಹಾಗೇ ಅಂದುಕೊಳ್ಳುತ್ತಿದ್ದಳು. ಎರಡು ತಿಂಗಳಲ್ಲಿ ಅವಳ ಕಾಲು ಬ್ರೇಕಿನ ಮೇಲೆ ನೆಟ್ಟಗೆ ಒಂದು ಸಲ ಬಿದ್ದಿದ್ದರೆ ಹೇಳಿ.

ಪರೀಕ್ಷೆಗೆ ಅವರವರ ಗಾಡಿಯನ್ನೇ ತರಬೇಕು. ಮೈದಾನ ಅಂದರೆ ಆಫೀಸಿನ ಹಿಂದಿನ ದೊಡ್ಡ ಸಿಮೆಂಟಿನ ಅಂಗಳ. ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಹಳೇ ಟೈರುಗಳ ರಾಶಿ, ನಡುವೆ ದಾರಿಯ ಗುರುತಿಗೆ ಇಟ್ಟ ಪ್ಲಾಸ್ಟಿಕ್ ಕೋನುಗಳು. ಅವಳದು ಕೊನೆಯ ನಂಬರು. ಸರದಿ ಬರುವ ಹೊತ್ತಿಗೆ ಹನ್ನೆರಡೂವರೆ ಆಗಿತ್ತು, ಎಂಟು ಜನ 'ಮುಂದಿನ ತಿಂಗಳು' ಅನ್ನಿಸಿಕೊಂಡು ಮುಖ ಸಣ್ಣ ಮಾಡಿಕೊಂಡು ಹೋಗಿಯಾಗಿತ್ತು. ಅವಳ ಬಾಯಿ ಒಣಗಿತ್ತು. ಯಜಮಾನರು ಗೋಡೆಗೆ ಒರಗಿ ನಿಂತು, "ಹೆದರ್ಕೋಬೇಡ್ವೇ" ಅಂದರು. ಮನಸ್ಸಿನಿಂದಲೇ ಅಂದರು, ಪಾಪ. ಅವಳು ಪಾಸಾಗುವುದು ಬೇಡ, ಅವಳಿಗೆ ಅವಮಾನವಾಗುವುದೂ ಬೇಡ. ಎರಡನ್ನೂ ಒಟ್ಟಿಗೆ ಬಯಸಿ ಅವರ ಮುಖ ಹುಳ್ಳಗಾಗಿತ್ತು.

ಇನ್ಸ್‌ಪೆಕ್ಟರು ಸಣಕಲು ಮನುಷ್ಯ, ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಕಾಗದ. ಪಕ್ಕದ ಸೀಟಿಗೆ ಹತ್ತಿ, "ಎಂಟು ಹಾಕಿ" ಅಂದರು.

ಎಂಟು ಹಾಕಿದಳು. ಹಾಕುತ್ತಾ ಬಾಯಿ ನಡೆದೇ ಇತ್ತು. "ಬಲಕ್ಕೆ ತಿರುಗಿಸಿ, ಇನ್ನೂ, ಇನ್ನೂ, ಸಾಕು. ಎಡಗಡೆ ಕೋನು ಇದೆ, ಮುಟ್ಟಬೇಡಿ. ಹಾಂ, ಭೇಷ್." ಇನ್ಸ್‌ಪೆಕ್ಟರು ಒಂದು ಸಲ ಅವಳ ಕಡೆ ನೋಡಿದರು, ಒಂದು ಸಲ ಹಿಂದೆ ಯಾರಾದರೂ ಕೂತಿದ್ದಾರೆಯೇ ಅಂತ ನೋಡಿದರು. ಮೇಜುಬಟ್ಟೆಯ ಗಂಟುಗಳು ಬಿಟ್ಟರೆ ಯಾರೂ ಇರಲಿಲ್ಲ. ಎಂಟು ಮಾತ್ರ ಕಾಗದದ ಮೇಲೆ ಬರೆದ ಹಾಗೆ ಬಂದಿತ್ತು. ಅವರು ಟಿಕ್ ಹಾಕಿದರು. ರಿವರ್ಸ್ ತೆಗೆದಳು, ಹ್ಯಾಂಡ್‌ಬ್ರೇಕು ಎಳೆದು ನಿಲ್ಲಿಸಿದಳು, ಅದಕ್ಕೂ ಟಿಕ್ ಬಿತ್ತು. ಗೋಡೆಯ ಬಳಿ ಯಜಮಾನರು ಕತ್ತು ಉದ್ದ ಮಾಡಿ ವ್ಯಾನಿನ ಸದ್ದು ಕೇಳುತ್ತಿದ್ದರು.

"ಕೊನೇದು. ನೇರ ಹೋಗಿ, ಆ ಬಿಳಿ ಗೆರೆ ಹತ್ರ ನಿಲ್ಲಿಸಿ" ಅಂದರು ಇನ್ಸ್‌ಪೆಕ್ಟರು.

ವ್ಯಾನು ನೇರ ಹೋಯಿತು. ಬಿಳಿ ಗೆರೆ ಹತ್ತಿರ ಬಂತು.

"ಗೆರೆ ಬಂತು. ನಿಲ್ಸಿ" ಅಂದಳು ಲಾಂಡ್ರಿಯಮ್ಮ.

ವ್ಯಾನು ಗೆರೆ ದಾಟಿತು.

"ನಿಲ್ಸಿ, ನಿಲ್ಸಿ, ನಿಲ್ಸೀ!"

ವ್ಯಾನು ಒಂದು ಕೋನನ್ನು ಮಲಗಿಸಿ, ಇನ್ನೊಂದನ್ನು ಹೊಟ್ಟೆಯಡಿ ಎಳೆದುಕೊಂಡು ಹೋಗಿ, ಟೈರಿನ ರಾಶಿಗೆ ಮೂತಿ ಇಟ್ಟು ಗಕ್ಕೆಂದು ನಿಂತಿತು. ಇನ್ಸ್‌ಪೆಕ್ಟರ ಪೆನ್ನು ಎಲ್ಲಿಗೋ ಹಾರಿತು. ಲಾಂಡ್ರಿಯಮ್ಮ ಅವರ ಕಡೆ ತಿರುಗಿ ಕಣ್ಣು ಕೆಂಪಗೆ ಮಾಡಿದಳು.

"ಅಷ್ಟು ಸಲ ಬಡ್ಕೊಂಡ್ನಲ್ಲ ಸಾರ್! ನಿಲ್ಸೋಕೇನಾಗಿತ್ತು?"

"ನಾನಾ?" ಅಂದರು ಇನ್ಸ್‌ಪೆಕ್ಟರು.

"ಇನ್ಯಾರು ಮತ್ತೆ?"

ಮಾತು ಬಾಯಿಂದ ಬಿದ್ದ ಮೇಲೆ ಅವಳು ತನ್ನ ಕಾಲು ನೋಡಿಕೊಂಡಳು. ಬಲಗಾಲು ಆಕ್ಸಿಲರೇಟರಿನ ಪಕ್ಕ ಹಾಯಾಗಿ ಕೂತಿತ್ತು, ಯಾರದೋ ಮನೆಗೆ ಬಂದ ನೆಂಟರ ಹಾಗೆ. ಆಗ ಅವಳಿಗೆ ಎಲ್ಲ ಗೊತ್ತಾಯಿತು. ಮೇಷ್ಟರ ಕಾರೂ ಗೊತ್ತಾಯಿತು, ಎರಡು ತಿಂಗಳೂ ಗೊತ್ತಾಯಿತು.

ಇನ್ಸ್‌ಪೆಕ್ಟರು ಪೆನ್ನು ಹುಡುಕಿಕೊಂಡು ಬರೆದರು. "ಮುಂದಿನ ತಿಂಗಳು" ಅಂದರು.

ಅವರು ವ್ಯಾನನ್ನು ಹಿಂದಕ್ಕೆ ತೆಗೆಸಿ, ಇಳಿದು, ಬಿದ್ದಿದ್ದ ಕೋನುಗಳನ್ನು ಎತ್ತಲು ಹೋದರು. ಯಜಮಾನರು ಗೋಡೆ ಹಿಡಿದುಕೊಂಡು ಬಂದು ಸೇರಿದರು. ಅವರೇನೂ ಹಂಗಿಸಲಿಲ್ಲ. ಆದರೆ ಅವರ ಮುಖದಲ್ಲಿ ಒಂದು ನಿರಾಳ ಇತ್ತು, ಅದನ್ನು ಅವಳು ಕಂಡಳು.

"ಹೋಗ್ಲಿ ಬಿಡು. ಎಲ್ರಿಗೂ ಆಗೋದೇ. ಇಳಿ, ನಾನು ಓಡಿಸ್ತೀನಿ. ಎರಡು ಗಂಟೆಗೆ ಹೋಟೆಲಿಗೆ ಬಟ್ಟೆ ಮುಟ್ಬೇಕು" ಅಂದರು. ಆಮೇಲೆ ಮೆಲ್ಲಗೆ, "ಕರಾರು ನೆನಪಿದೆ ತಾನೇ?" ಅಂದರು.

"ನೆನಪಿದೆ."

ಅವಳು ಇಳಿದು ಪಕ್ಕದ ಸೀಟಿಗೆ ಹೋಗಿ ಕೂತಳು. ಯಜಮಾನರು ಹತ್ತಿ ಕೀ ತಿರುಗಿಸಿದರು. ಗೇರು ಹಾಕಿದರು. ಅಂಗಳದ ಎಡಕ್ಕೆ ಇನ್ಸ್‌ಪೆಕ್ಟರು ಬಗ್ಗಿ ಕೋನು ಎತ್ತುತ್ತಿದ್ದರು. ಗೇಟು ಇದ್ದದ್ದೂ ಆ ಕಡೆಗೇ.

"ಹೂಂ" ಅಂದರು ಯಜಮಾನರು.

ಅವಳು ಬಾಯಿ ಬಿಡಲಿಲ್ಲ.

"ಏನೇ, ಹೇಳು. ಎಡಗಡೆ ಖಾಲಿ ಇದೆಯಾ?"

ಅವಳು ಎರಡೂ ತುಟಿ ಒಳಗೆಳೆದುಕೊಂಡು ಕೂತಿದ್ದಳು. ಒಂದು ಕೈ ಹ್ಯಾಂಡ್‌ಬ್ರೇಕಿನ ಮೇಲಿತ್ತು. ಗಾಡಿ ಒಂದಂಗುಲ ಅಲ್ಲಾಡಿದರೂ ಎಳೆದುಬಿಡಬೇಕು ಅಂತ.

"ಲೇ, ಸಿಟ್ಟಾ? ಸಿಟ್ಟು ಮನೇಲಿ ಮಾಡ್ಕೊ. ಈಗ ಹೇಳು."

"ಕರಾರು ಪ್ರಕಾರ ಕೀ ನಿಮ್ದು" ಅಂದಳು ಅವಳು. "ಬಾಯಿ ನಂದು. ಬಾಯಿ ಕೊಡ್ತೀನಿ ಅಂತ ನಾನು ಯಾವ ಕರಾರೂ ಮಾಡಿಲ್ಲ. ಓಡಿಸಿ, ನೋಡೋಣ."

ಯಜಮಾನರ ಕೈ ಸ್ಟೇರಿಂಗಿನ ಮೇಲೆ ಹಾಗೇ ಇತ್ತು. ಎಂಜಿನ್ನು ಗುರುಗುರು ಅನ್ನುತ್ತಿತ್ತು. ಅವರು ಎಡಕ್ಕೆ ಕತ್ತು ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಎತ್ತ ತಿರುಗಿದರೂ ಒಂದು ತಟ್ಟೆಯಷ್ಟು ಬಿಸಿಲು, ಅದರ ಸುತ್ತ ಏನೂ ಇಲ್ಲ. ಅವಳಿಗೆ ಅಳು ನುಗ್ಗಿ ಬಂತು; ಎಡಗಡೆ ಇನ್ಸ್‌ಪೆಕ್ಟರಿದ್ದಾರೆ ಕಣ್ರೀ ಅಂತ ನಾಲಿಗೆಯ ತುದಿಯವರೆಗೂ ಬಂತು. ನುಂಗಿಕೊಂಡಳು. ಕ್ಲಚ್ಚನ್ನು ಒತ್ತಿದ್ದ ಎಡಗಾಲನ್ನು ಯಜಮಾನರು ಎತ್ತಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಎಂಜಿನ್ನು ನಿಂತಿತು. ಯಜಮಾನರೇ ಆರಿಸಿದ್ದರು.

ಅವರು ಇಳಿದು, ಜೇಬಿನಿಂದ ಲೈಸೆನ್ಸ್ ತೆಗೆದು, ಆಫೀಸಿನ ಜಗಲಿಯ ಕಡೆ ಹೆಜ್ಜೆ ಹಾಕಿದರು. ಬಿಸಿಲಿನಿಂದ ನೆರಳಿಗೆ ಹೋದವರು ಕಂಬದ ಮುಂದೆ ನಿಂತು ಕೈ ಮುಗಿದರು. ಕಂಬದ ಮೊಳೆಗೆ ಇನ್ಸ್‌ಪೆಕ್ಟರ ಕೋಟು, ಅದರ ಮೇಲೆ ಟೋಪಿ ನೇತಾಡುತ್ತಿದ್ದವು.

"ಸಾರ್, ಇದನ್ನ ತಗೊಳ್ಳಿ ಸಾರ್" ಅಂದರು ಕೋಟಿಗೆ. "ನನ್ನ ಕಣ್ಣು ಹೋಗಿ ಒಂದು ವರ್ಷ ಆಯ್ತು. ಇಷ್ಟು ದಿನ ವ್ಯಾನು ಓಡಿಸಿದ್ದು ನಾನಲ್ಲ ಸಾರ್, ಅವಳು. ಬಾಯಲ್ಲೇ ಓಡಿಸಿದ್ಲು. ಅವಳು 'ನಿಲ್ಸಿ' ಅಂದ್ರೆ ನಿಲ್ಲಿಸೋದು ನನ್ನ ಕೆಲ್ಸ ಆಗಿತ್ತು. ಅದೇ ಅಭ್ಯಾಸದಲ್ಲಿ ನಿಮಗೂ ಹೇಳಿದ್ಲು. ಅವಳದೇನೂ ತಪ್ಪಿಲ್ಲ ಸಾರ್."

ಇನ್ಸ್‌ಪೆಕ್ಟರು ಕೋನು ಹಿಡಿದುಕೊಂಡು ಎಡಗಡೆ, ಮೂರು ಮಾರು ದೂರದಲ್ಲೇ ನಿಂತಿದ್ದರು. ಅವರು ತಮ್ಮ ಕೋಟನ್ನು ನೋಡಿದರು, ಕೋಟಿನ ಮುಂದೆ ನಿಂತಿದ್ದ ಮನುಷ್ಯನನ್ನು ನೋಡಿದರು. ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು.

"ನಾನು ಇಲ್ಲಿದ್ದೀನಿ."

"ಓ" ಅಂದರು ಯಜಮಾನರು. ಸದ್ದು ಬಂದ ಕಡೆ ತಿರುಗಿದರು. "ಕೋಟಿಗೂ ಹೇಳಿದ ಹಾಗಾಯ್ತು ಬಿಡಿ. ತಗೊಳ್ಳಿ."

"ಇದನ್ನ ತಗೊಂಡ್ರೆ ವಾಪಸ್ ಕೊಡೋಕೆ ಬರಲ್ಲ. ಯೋಚ್ನೆ ಮಾಡಿ."

"ಒಂದು ವರ್ಷ ಮಾಡಿದ್ದೀನಿ ಸಾರ್."

ಇನ್ಸ್‌ಪೆಕ್ಟರು ಲೈಸೆನ್ಸ್ ತೆಗೆದುಕೊಂಡರು. ವ್ಯಾನಿನಿಂದ ಇಳಿದು ನಿಂತಿದ್ದ ಲಾಂಡ್ರಿಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಗೆದ್ದೆ ಅಂತಲೂ ಅನ್ನಿಸಲಿಲ್ಲ, ಸೋತೆ ಅಂತಲೂ ಅನ್ನಿಸಲಿಲ್ಲ. ಓಡಿ ಹೋಗಿ ಗಂಡನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು, ಸರ್ಕಾರಿ ಅಂಗಳ ಅಂತ ಸುಮ್ಮನಾದಳು.

ಪೀಕಲಾಟ ಶುರುವಾದದ್ದು ಈಗ. ಒಂದು ಗಂಟೆಗೆ ಗೇಟಿಗೆ ಬೀಗ. ಒಳಗೆ ಬೇರೆಯವರ ಗಾಡಿ ನಿಲ್ಲಿಸುವ ಹಾಗಿಲ್ಲ. ಯಜಮಾನರು ಓಡಿಸುವ ಹಾಗಿಲ್ಲ. ಲೈಸೆನ್ಸ್ ಇದ್ದವರು ಪಕ್ಕದಲ್ಲಿಲ್ಲದೆ ಅವಳು ಓಡಿಸುವ ಹಾಗಿಲ್ಲ. ಇನ್ಸ್‌ಪೆಕ್ಟರು ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದರು. ಮೈದಾನದಲ್ಲಿ ಲೈಸೆನ್ಸ್ ಇದ್ದ ಮನುಷ್ಯ ಒಬ್ಬನೇ ಉಳಿದಿದ್ದ, ಅದು ತಾವೇ ಅಂತ ಗೊತ್ತಾದಾಗ ಅವರ ಮುಖ ಕಹಿ ಮಾತ್ರೆ ನುಂಗಿದ ಹಾಗಾಯಿತು.

"ಹತ್ತಿ" ಅಂದರು ಅವಳಿಗೆ. "ಮೊದಲು ಇಲ್ಲೇ ಒಳಗೆ ಸುತ್ತು ಹಾಕಿ. ಏನು ಬೇಕಾದ್ರೂ ಮಾತಾಡಿ, ನಂದೇನೂ ತಕರಾರಿಲ್ಲ. ಆದ್ರೆ ನನ್ನ ಕಾಲ ಹತ್ರ ಏನೂ ಇಲ್ಲ. ನೋಡ್ಕೊಳ್ಳಿ." ಅವರು ಎರಡೂ ಕಾಲನ್ನು ಎತ್ತಿ ತೋರಿಸಿದರು.

ಯಜಮಾನರು ಹಿಂದೆ ಗಂಟುಗಳ ಮೇಲೆ ಹತ್ತಿ ಕೂತರು. ಇಪ್ಪತ್ತಾರು ವರ್ಷದಲ್ಲಿ ಆ ವ್ಯಾನಿನ ಹಿಂಭಾಗದಲ್ಲಿ ಅವರು ಕೂತದ್ದು ಅದೇ ಮೊದಲು.

ಮೊದಲನೇ ಸುತ್ತಿನಲ್ಲಿ ಅವಳು "ನಿಲ್ಸಿ" ಅಂದು ಕಾದಳು. ಯಾರೂ ನಿಲ್ಲಿಸಲಿಲ್ಲ. ಪಕ್ಕದಲ್ಲಿದ್ದವರು ಕಾಲು ಮೇಲೆತ್ತಿಕೊಂಡಿದ್ದರು. ಹಿಂದೆ ಇದ್ದವರು ಬ್ರೇಕನ್ನು ಬಿಟ್ಟುಕೊಟ್ಟು ಬಂದಿದ್ದರು. ಈ ವ್ಯಾನಿನಲ್ಲಿ ಇನ್ನು ತನ್ನ ಮಾತು ಕೇಳುವ ಕಾಲು ಅಂದರೆ ತನ್ನದೊಂದೇ ಅಂತ ಅವಳ ಮೈಗೆ ಹೊಳೆದ ಕ್ಷಣಕ್ಕೆ ಬಲಗಾಲು ನೆಗೆದು ಬ್ರೇಕಿನ ಮೇಲೆ ಬಿತ್ತು. ಇನ್ಸ್‌ಪೆಕ್ಟರ ಹಣೆ ಮುಂದಿನ ಗಾಜಿಗೆ ಬಡಿಯುವುದು ಸ್ವಲ್ಪದರಲ್ಲಿ ತಪ್ಪಿತು. ಹಿಂದೆ ಯಜಮಾನರು ಗಂಟಿನ ಸಮೇತ ಉರುಳಿದರು.

"ಇಷ್ಟು ಜೋರಾಗಿ ಬೇಡ್ವೇ!"

"ಸುಮ್ನಿರಿ, ಕಲೀತಾ ಇದ್ದೀನಿ!"

ಹನ್ನೆರಡು ಸಲ ಹೇಳಿದಳು, ಹನ್ನೆರಡು ಸಲ ಒತ್ತಿದಳು. ಕೊನೆಯ ನಾಲ್ಕರಲ್ಲಿ ಗಂಟುಗಳು ಅಲ್ಲಾಡಲಿಲ್ಲ. ಹನ್ನೆರಡನೆಯದು ಬಿಳಿ ಗೆರೆಯ ಮೇಲೆ ನೂಲು ಹಿಡಿದ ಹಾಗೆ ನಿಂತಿತು. ಅವಳು ಆಸೆಯಿಂದ ಇನ್ಸ್‌ಪೆಕ್ಟರ ಕಾಗದದ ಕಡೆ ನೋಡಿದಳು.

"ಅದು ಆಗ್ಲೇ ಬರೆದಾಯ್ತು. ಮುಂದಿನ ತಿಂಗಳು" ಅಂದರು ಅವರು. ಸ್ವಲ್ಪ ತಡೆದು, "ಮೊದಲನೇ ನಂಬರು ಹಾಕ್ತೀನಿ. ಬೇಗ ಬನ್ನಿ" ಅಂದರು.

ವ್ಯಾನು ಗೇಟು ದಾಟಿ ರಸ್ತೆಗೆ ಇಳಿಯಿತು. "ಎಡಗಡೆ ಸ್ಕೂಟರು, ನಿಧಾನ" ಅಂತ ತನಗೆ ತಾನೇ ಹೇಳಿಕೊಂಡು ನಿಧಾನ ಮಾಡಿದಳು. "ಮುಂದೆ ಗುಂಡಿ" ಅಂದು ತಪ್ಪಿಸಿದಳು. ಇನ್ಸ್‌ಪೆಕ್ಟರು ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. "ಕೆಂಪು ಬಿತ್ತು, ನಿಲ್ಸಿ" ಅಂದಳು, ನಿಲ್ಲಿಸಿದಳು.

ಗಾಡಿ ನಿಂತಾಗ ಹಿಂದಿನಿಂದ ಯಜಮಾನರ ದನಿ ಬಂತು.

"ಏನೇ, ಆ ಕಡೆ ಏನಿದೆ?"

"ಯಾವ ಕಡೆ?"

"ನಂಗೆ ಕಾಣದ ಕಡೆ."

"ಯಾವ ಗಾಡೀನೂ ಇಲ್ಲ. ಖಾಲಿ ಇದೆ."

"ಗಾಡಿ ಕೇಳ್ಲಿಲ್ಲ ಕಣೇ. ಇನ್ನು ಅದು ನಂಗ್ಯಾಕೆ? ಬೇರೆ ಏನಿದೆ? ಒಂದು ವರ್ಷದಿಂದ ಗುಂಡಿ, ಹಂಪು, ಸೈಕಲ್ಲು ಬಿಟ್ಟು ಬೇರೇನೂ ನೋಡೇ ಇಲ್ಲ ನಾನು."

ಲಾಂಡ್ರಿಯಮ್ಮ ಆ ಕಡೆ ತಿರುಗಿ ನೋಡಿದಳು. ಹೌದಲ್ಲ. ಡಿಕ್ಕಿ ಹೊಡೆಯಬಹುದಾದದ್ದನ್ನು ಮಾತ್ರ ಅವಳು ಅವರಿಗೆ ಹೇಳುತ್ತಾ ಬಂದಿದ್ದಳು. ಅವಳೂ ಅಷ್ಟನ್ನೇ ನೋಡುತ್ತಾ ಬಂದಿದ್ದಳು.

"ಒಂದು ಮನೆ ಇದೆ ಕಣ್ರೀ" ಅಂದಳು. "ಮಹಡಿ ಮೇಲೆ ಒಬ್ಳು ತಲೆಗೂದಲು ಒಣಗಿಸ್ತಾ ನಿಂತಿದ್ದಾಳೆ. ಉದ್ದ ಕೂದಲು. ಕೆಳಗೆ ಕಿಟಕೀಲಿ ಬೆಕ್ಕು. ಬಾಗಿಲು ನೀಲಿ."

"ಹೊಸದಾ ಬಣ್ಣ? ಮುಂಚೆ ಹಸಿರಿತ್ತು."

"ಹೊಸದೇ ಇರ್ಬೇಕು. ಮತ್ತೆ ಪಕ್ಕದಲ್ಲಿ..."

ಹಸಿರು ಬಿತ್ತು. ಹಿಂದೆ ಯಾರೋ ಹಾರನ್ ಹೊಡೆದರು. ಅವಳು ಕಣ್ಣು ಒರೆಸಿಕೊಂಡು ಗಡಿಬಿಡಿಯಲ್ಲಿ ಗೇರಿಗೆ ಕೈ ಹಾಕಿದಳು.

"ನೀವು ಮುಂದೆ ನೋಡಿ ಓಡಿಸಿ" ಅಂದರು ಇನ್ಸ್‌ಪೆಕ್ಟರು. ಅವರು ಹಿಡಿಯಿಂದ ಒಂದು ಕೈ ಬಿಟ್ಟು, ಕಿಟಕಿಯ ಗಾಜು ಇಳಿಸಿ, ಹಿಂದಕ್ಕೆ ಕತ್ತು ತಿರುಗಿಸಿದರು. "ಪಕ್ಕದಲ್ಲಿ ಒಂದು ಹೂವಿನ ಗಿಡ ಯಜಮಾನ್ರೇ. ಹಳದಿ. ಹೆಸರು ನಂಗೆ ಗೊತ್ತಿಲ್ಲ, ಆದ್ರೆ ತುಂಬ ಬಿಟ್ಟಿದೆ."